ಒಡೆತನ, ಲಾಭ ಮತ್ತು ಕರ: ಕಬ್ಬಿನ ನಾಡಿನ ಒಂದು ಲೆಕ್ಕ

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡಹಬ್ಬದಂತಹ ಈ ಸಂತಸದ ದಿನ ಕರದ ಮಾತು ಆಡುವುದು ಮದುವೆಯ ಚಪ್ಪರದಲ್ಲಿ ಸಾಲದ ಮಾತು ತೆಗೆದಂತೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಭಾಷೆಯೆಂಬುದು ಕಾವ್ಯಕ್ಕೆ ಮಾತ್ರ ಮೀಸಲಾದ ವಸ್ತುವಲ್ಲ. ಮನೆಯ ಲೆಕ್ಕ, ಹೊಲದ ಲೆಕ್ಕ, ಕಾರ್ಖಾನೆಯ ಲೆಕ್ಕ ಇವನ್ನೆಲ್ಲ ತಾಯ್ನುಡಿಯಲ್ಲಿ ಆಡಬಲ್ಲ ಜನರೇ ತಮ್ಮ ಹಕ್ಕನ್ನು ಕಾಯ್ದುಕೊಳ್ಳಬಲ್ಲರು. ಗಡಹಿಂಗ್ಲಜದ ಸುತ್ತಣ ಹಳ್ಳಿಗಳಲ್ಲಿ, ಶಿರೋಳದ ಹೊಳೆಸಾಲಿನಲ್ಲಿ, ಇಚಲಕರಂಜಿಯ ಪೇಟೆಯಲ್ಲಿ ಕನ್ನಡ ಮಾತಾಡುವ ಮನೆಗಳಿಗೆ ಸಕ್ಕರೆ ಕಾರ್ಖಾನೆಯ ವರದಿ ಮರಾಠಿಯಲ್ಲಿ ಬರುತ್ತದೆ. ಆದಾಯಕರದ ಆಜ್ಞೆ ಇಂಗ್ಲಿಷಿನಲ್ಲಿ ಬರುತ್ತದೆ. ಎರಡರ ನಡುವೆ ನಮ್ಮ ಕಬ್ಬಿನ ಬಿಲ್ಲು ಸಿಕ್ಕಿಕೊಂಡಿರುತ್ತದೆ. ಆ ಬಿಲ್ಲಿನ ಹಿಂದಿರುವ ವಿಚಾರವನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದೇ ಇಂದಿನ ನನ್ನ ಉದ್ದೇಶ.

ಪ್ರಶ್ನೆ ಇಷ್ಟೇ: ಒಂದು ಉದ್ಯಮದ ಒಡೆಯರು ಯಾರು ಎಂಬುದಕ್ಕೂ, ಅದಕ್ಕೆ ಬರುವ ಲಾಭ ಎಷ್ಟು ಎಂಬುದಕ್ಕೂ, ಅದು ಸರಕಾರಕ್ಕೆ ಸಲ್ಲಿಸುವ ಕರಕ್ಕೂ ಏನು ಸಂಬಂಧ?

ಮೊದಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳೋಣ. ಬಂದ ಹಣವನ್ನು ಬಂದಿಲ್ಲವೆಂದು ಬರೆಯುವುದು, ಸುಳ್ಳು ಪಾವತಿ ಹುಟ್ಟಿಸುವುದು, ಎರಡು ಕೀರ್ದಿ ಇಡುವುದು, ಇವು ಕರವಂಚನೆ. ಇದು ಅಪರಾಧ, ಅದರ ಬಗ್ಗೆ ಚರ್ಚೆಯೇ ಬೇಡ. ಎರಡನೆಯದು, ಕಾಯದೆಯ ಅಕ್ಷರವನ್ನು ಮೀರದೆ ಕರದ ಭಾರ ತನ್ನ ಮೇಲೆ ಬೀಳದ ಹಾಗೆ ವ್ಯವಹಾರವನ್ನು ಹೊಂದಿಸಿಕೊಳ್ಳುವುದು. ಇದನ್ನು ಕರನಿವಾರಣೆ ಎನ್ನೋಣ. ಬಾಗಿಲು ಮುರಿದು ಹೋಗುವವನಿಗೂ ತೆರೆದಿಟ್ಟ ಹಿತ್ತಲ ಬಾಗಿಲಿನಿಂದ ಹೋಗುವವನಿಗೂ ಇರುವಷ್ಟು ಅಂತರ ಇವೆರಡಕ್ಕೂ ಉಂಟು.

ಹಿತ್ತಲ ಬಾಗಿಲಿನಿಂದ ಹೋಗುವುದು ಸರಿಯೇ? ನ್ಯಾಯಾಲಯಗಳೂ ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ತನ್ನ ತೋಟದ ಮಾಲಿಗೆ ಕೊಡುವ ಪಗಾರವನ್ನು ಕರಾರುಪತ್ರದ ಮೂಲಕ ಕೊಡುವ ವಾರ್ಷಿಕ ಹಣವೆಂದು ಮಾರ್ಪಡಿಸಿ ಕರವನ್ನು ಇಳಿಸಿಕೊಂಡನು. 1935ರಲ್ಲಿ ಅಲ್ಲಿಯ ಅತ್ಯುಚ್ಚ ನ್ಯಾಯಪೀಠವು ಅದನ್ನು ಎತ್ತಿಹಿಡಿಯಿತು; ಕಾಯದೆಯೊಳಗೆ ಇದ್ದು ಕರವನ್ನು ಕಡಿಮೆ ಮಾಡಿಕೊಳ್ಳಲು ಪ್ರತಿಯೊಬ್ಬನಿಗೂ ಹಕ್ಕುಂಟೆಂಬ ತತ್ತ್ವಕ್ಕೆ ಆ ತೀರ್ಪು ಆಧಾರವಾಯಿತು. ನಮ್ಮ ದೇಶದಲ್ಲಿ 1985ರಲ್ಲಿ ಮ್ಯಾಕ್‌ಡವೆಲ್ ಕಂಪನಿಯ ಮೊಕದ್ದಮೆಯನ್ನು ನಿರ್ಣಯಿಸುವಾಗ ಸರ್ವೋಚ್ಚ ನ್ಯಾಯಾಲಯವು, ಕರಯೋಜನೆ ಕಾಯದೆಯ ಮಿತಿಯೊಳಗೆ ನ್ಯಾಯಸಮ್ಮತ, ಆದರೆ ಬಣ್ಣ ಬಳಿದ ಉಪಾಯಗಳಿಗೆ ಅದರಲ್ಲಿ ಸ್ಥಾನವಿಲ್ಲ ಎಂದು ಹೇಳಿತು. 2017ರ ಏಪ್ರಿಲ್ 1ರಿಂದ ಕರನಿವಾರಣೆಯ ವಿರುದ್ಧ ಸಾಮಾನ್ಯ ನಿಯಮಗಳೇ ಜಾರಿಗೆ ಬಂದವು. ಮುಖ್ಯವಾಗಿ ಕರದ ಲಾಭಕ್ಕಾಗಿಯೇ ಹೂಡಿದ, ವ್ಯವಹಾರದ ಸತ್ತ್ವವಿಲ್ಲದ ಏರ್ಪಾಡನ್ನು ಅಧಿಕಾರಿಗಳು ಬದಿಗಿಡಬಹುದೆಂಬುದೇ ಅವುಗಳ ತಿರುಳು.

ಇನ್ನು ಒಡೆತನದ ವಿಚಾರ. ಒಡೆತನ ಬದಲಾದಂತೆ ಕರನಿವಾರಣೆಯ ದಾರಿಯೂ ಬದಲಾಗುತ್ತದೆ. ಇದಕ್ಕೆ ದೂರ ಹೋಗಬೇಕಾಗಿಲ್ಲ.

ಇಚಲಕರಂಜಿಯನ್ನು ನೋಡಿರಿ. ಜಹಗೀರದಾರ ನಾರಾಯಣರಾವ ಬಾಬಾಸಾಹೇಬ ಘೋರ್ಪಡೆಯವರ ಆಶ್ರಯದಲ್ಲಿ 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲನೆಯ ಯಂತ್ರಮಗ್ಗವನ್ನು ಹೂಡಿದರು. ಮುಂದೆ ಆ ಊರು ಯಂತ್ರಮಗ್ಗಗಳ ನಗರವೇ ಆಯಿತು. ಈ ಮಗ್ಗಗಳ ಒಡೆತನ ಬಹುಮಟ್ಟಿಗೆ ಮನೆತನದ್ದು. ಕೆಲವೇ ಮಗ್ಗಗಳಿರುವ ಸಣ್ಣ ಘಟಕಗಳಿಗೆ ಅಬಕಾರಿ ಸುಂಕದ ವಿನಾಯಿತಿ ಇದ್ದ ದಿನಗಳಲ್ಲಿ ದೇಶದ ಮಗ್ಗದ ಊರುಗಳಲ್ಲಿ ಒಂದು ನೋಟ ಸಾಮಾನ್ಯವಾಗಿತ್ತು. ಒಂದೇ ಸೂರಿನ ಕೆಳಗೆ ಅಣ್ಣನ ಹೆಸರಿನಲ್ಲಿ ಕೆಲವು ಮಗ್ಗ, ತಮ್ಮನ ಹೆಸರಿನಲ್ಲಿ ಕೆಲವು, ಮನೆಯ ಹೆಂಗಸರ ಹೆಸರಿನಲ್ಲಿ ಇನ್ನು ಕೆಲವು. ಮಗ್ಗ ಒಂದೂ ಹೆಚ್ಚಲಿಲ್ಲ, ಒಡೆಯರು ಹೆಚ್ಚಿದರು. ಕಾಯದೆ ಸಣ್ಣವನನ್ನು ಕಾಯಲು ಹೊರಟಾಗ ದೊಡ್ಡವನು ತನ್ನನ್ನು ತುಂಡು ಮಾಡಿಕೊಂಡು ಸಣ್ಣವನಾದನು. ಒಡೆತನವನ್ನು ಒಡೆಯುವುದೇ ಇಲ್ಲಿಯ ಉಪಾಯ.

ಎರಡನೆಯದು ಕೂಡುಬಂಡವಾಳದ ಕಂಪನಿ. ಕೆಲವೇ ಮಂದಿ ಷೇರುದಾರರಿರುವ ಮನೆತನದ ಕಂಪನಿಯಲ್ಲಿ ಉಳಿಸಿದ ಒಂದೊಂದು ರೂಪಾಯಿ ಕರವೂ ಒಡೆಯನ ಮನೆಗೇ ಸೇರುವುದರಿಂದ ಕರ ಉಳಿಸುವ ಆಸೆ ಹೆಚ್ಚು. ಆದರೆ ಮನೆತನದ ಹೆಸರು ಕೆಡಬಾರದೆಂಬ ಭಯವೂ ಅಲ್ಲಿಯೇ ಹೆಚ್ಚು. ಯಾವುದು ಗೆಲ್ಲುತ್ತದೆಂಬುದು ಮನೆತನದಿಂದ ಮನೆತನಕ್ಕೆ ಬೇರೆ. ಇಂಥ ಕಂಪನಿಗಳು ಲಾಭಾಂಶ ಹಂಚದೆ ಒಡೆಯರಿಗೆ ಸಾಲದ ರೂಪದಲ್ಲಿ ಹಣ ಕೊಟ್ಟಾವೆಂದೇ 1961ರ ಆದಾಯಕರ ಕಾಯದೆಯು ಅಂತಹ ಸಾಲವನ್ನು ಲಾಭಾಂಶವೆಂದೇ ಎಣಿಸುವ ನಿಯಮವನ್ನು ಮಾಡಿತ್ತು. ನಂಟರಿಗೆ ನ್ಯಾಯವಾದ ಬೆಲೆಗಿಂತ ಹೆಚ್ಚಿಗೆ ಕೊಟ್ಟ ಹಣವನ್ನು ಖರ್ಚೆಂದು ಒಪ್ಪದಿರುವ ಅಧಿಕಾರವನ್ನೂ ಕೊಟ್ಟಿತ್ತು.

ಒಡೆಯರು ಹೊರದೇಶದಲ್ಲಿದ್ದರಂತೂ ದಾರಿಗಳು ಇನ್ನೂ ಉದ್ದ. 2007ರಲ್ಲಿ ಹಚಿಸನ್ ಕಂಪನಿಯ ಭಾರತದ ದೂರವಾಣಿ ಉದ್ಯಮ ವೋಡಾಫೋನ್ ಕಂಪನಿಯ ಕೈಗೆ ಬಂದಿತು. ಆದರೆ ಮಾರಾಟವಾದದ್ದು ಭಾರತದ ಕಂಪನಿಯ ಷೇರಲ್ಲ, ಕೇಮನ್ ದ್ವೀಪದಲ್ಲಿ ನೋಂದಾಯಿಸಿದ ಇನ್ನೊಂದು ಕಂಪನಿಯ ಷೇರು. ಗೋಪುರ ಇಲ್ಲಿ, ಗಿರಾಕಿ ಇಲ್ಲಿ, ಮಾರಾಟ ಮಾತ್ರ ಸಮುದ್ರದಾಚೆ. ಈ ವ್ಯವಹಾರಕ್ಕೆ ಭಾರತದಲ್ಲಿ ಕರವಿಲ್ಲವೆಂದು 2012ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅದೇ ವರ್ಷ ಸಂಸತ್ತು ಹಿಂದಿನ ಕಾಲಕ್ಕೂ ಅನ್ವಯಿಸುವಂತೆ ಕಾಯದೆಯನ್ನು ತಿದ್ದಿತು. 2021ರಲ್ಲಿ ಆ ಹಿಂದಣ ಹೇರಿಕೆಯನ್ನು ಹಿಂತೆಗೆದುಕೊಂಡಿತು.

ಸರಕಾರವೇ ಒಡೆಯನಾದ ಉದ್ಯಮದಲ್ಲಿ ಈ ಆಟಕ್ಕೆ ಅರ್ಥ ಕಡಿಮೆ. ಕೇಂದ್ರ ಸರಕಾರದ ಕಂಪನಿ ಕರ ಕೊಟ್ಟರೂ ಲಾಭಾಂಶ ಕೊಟ್ಟರೂ ಹಣ ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹೋದಂತೆ.

ಲಾಭದ ವಿಚಾರ ನೋಡೋಣ. ನಷ್ಟದಲ್ಲಿರುವವನಿಗೆ ಆದಾಯಕರದ ಚಿಂತೆಯೇ ಇಲ್ಲ. ಬಿತ್ತದ ಹೊಲಕ್ಕೆ ಕಾವಲೇಕೆ? ಲಾಭ ಹೆಚ್ಚಿದಂತೆ ಕರವೂ ಹೆಚ್ಚುವುದರಿಂದ ಅದನ್ನು ಉಳಿಸುವ ಆಸೆಯೂ, ವಕೀಲರನ್ನು ಲೆಕ್ಕಿಗರನ್ನು ಇಟ್ಟುಕೊಳ್ಳುವ ಶಕ್ತಿಯೂ ಒಟ್ಟಿಗೆ ಹೆಚ್ಚುತ್ತವೆ. 2015ರ ಮುಂಗಡಪತ್ರದ ಭಾಷಣದಲ್ಲಿ ಅಂದಿನ ಹಣಕಾಸು ಮಂತ್ರಿ ಅರುಣ ಜೇಟ್ಲಿಯವರು, ಕಂಪನಿಗಳ ಕರದ ದರ ಶೇಕಡಾ 30 ಇದ್ದರೂ ವಿನಾಯಿತಿಗಳ ಕಾರಣದಿಂದ ವಾಸ್ತವವಾಗಿ ಕೈಸೇರುವುದು ಸುಮಾರು ಶೇಕಡಾ 23 ಎಂದು ತಿಳಿಸಿದರು. ಆ ವರ್ಷಗಳ ಮುಂಗಡಪತ್ರದ ಪಟ್ಟಿಗಳನ್ನು ನೋಡಿದರೆ ಅತಿ ದೊಡ್ಡ ಲಾಭದ ಕಂಪನಿಗಳು ಸಣ್ಣ ಲಾಭದ ಕಂಪನಿಗಳಿಗಿಂತ ಪ್ರಮಾಣದಲ್ಲಿ ಕಡಿಮೆ ಕರ ಕೊಟ್ಟಿರುವುದು ಕಾಣುತ್ತದೆ. ಷೇರುದಾರರಿಗೆ ಲಾಭ ತೋರಿಸಿ ಸರಕಾರಕ್ಕೆ ಸೊನ್ನೆ ತೋರಿಸುವ ಕಂಪನಿಗಳನ್ನು ಹಿಡಿಯಲು 1987ರಲ್ಲಿಯೇ ಲೆಕ್ಕಪುಸ್ತಕದ ಲಾಭದ ಮೇಲೆ ಕನಿಷ್ಠ ಕರವನ್ನು ಹಾಕಲಾಯಿತು; ನಡುವೆ ಕೈಬಿಟ್ಟು, 1996ರಲ್ಲಿ ಮತ್ತೆ ತರಲಾಯಿತು. 2019ರ ಸೆಪ್ಟೆಂಬರಿನಲ್ಲಿ ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ಶೇಕಡಾ 22ರ ದರವನ್ನು ಸಾರಲಾಯಿತು. ಮರುವರ್ಷ ಸಹಕಾರ ಸಂಘಗಳಿಗೂ ಅಂತಹ ಆಯ್ಕೆ ದೊರೆಯಿತು.

ಇಷ್ಟು ಪೀಠಿಕೆಯ ತರುವಾಯ ನಮ್ಮ ಕಬ್ಬಿನ ಗದ್ದೆಗೆ ಬರೋಣ.

1950ರಲ್ಲಿ ವಿಠ್ಠಲರಾವ ವಿಖೆ ಪಾಟೀಲರೂ ಅರ್ಥಶಾಸ್ತ್ರಜ್ಞ ಧನಂಜಯರಾವ ಗಾಡಗೀಳರೂ ಸೇರಿ ಪ್ರವರಾ ತೀರದಲ್ಲಿ ರೈತರದೇ ಆದ ಸಕ್ಕರೆ ಕಾರ್ಖಾನೆಯನ್ನು ನಡೆಯಿಸಿ ತೋರಿಸಿದರು. ಆ ಕಿಡಿ ಬೇಗನೆ ಪಂಚಗಂಗೆಗೆ ಬಂದಿತು. ಸಂವಿಧಾನ ಸಭೆಯ ಸದಸ್ಯರಾಗಿದ್ದ ದೇಶಭಕ್ತ ರತ್ನಪ್ಪಣ್ಣ ಕುಂಭಾರರು ಇಚಲಕರಂಜಿಯ ಬಳಿ ಗಂಗಾನಗರದಲ್ಲಿ ಪಂಚಗಂಗಾ ಸಹಕಾರಿ ಕಾರ್ಖಾನೆಯನ್ನು ಕಟ್ಟಿದರು. ಮುಂದೆ ಶಿರೋಳ, ಬಿದ್ರಿ, ವಾರಣಾ, ಕಾಗಲ, ಹುಪರಿ, ಗಡಹಿಂಗ್ಲಜ ತಾಲೂಕಿನ ಹರಳಿ, ಗಡಿಯಾಚೆ ಸಂಕೇಶ್ವರದ ಹಿರಣ್ಯಕೇಶಿ, ಹೀಗೆ ಹೊಗೆಕೊಳವೆಗಳು ಎದ್ದವು. ಇವುಗಳ ವಿಶೇಷವೆಂದರೆ ಕಬ್ಬು ಮಾರುವವನೂ ಕಾರ್ಖಾನೆಯ ಷೇರುದಾರನೂ ಒಬ್ಬನೇ. ಕೊಳ್ಳುವವನೂ ಮಾರುವವನೂ ಒಂದೇ ಅಂಗಿಯ ಎರಡು ತೋಳು.

ಹೀಗಿರುವಾಗ ಕಾರ್ಖಾನೆಯ ಲಾಭ ಒಡೆಯನ ಮನೆಗೆ ಯಾವ ದಾರಿಯಿಂದ ಬರಬೇಕು? ಲಾಭಾಂಶವಾಗಿ ಬರಬೇಕಾದರೆ ಮೊದಲು ಆದಾಯಕರ ಕಟ್ಟಬೇಕು. ಮೇಲಾಗಿ ಮಹಾರಾಷ್ಟ್ರದ 1960ರ ಸಹಕಾರಿ ಸಂಘಗಳ ಕಾಯದೆಯು ಲಾಭಾಂಶಕ್ಕೆ ಸಾಮಾನ್ಯವಾಗಿ ಶೇಕಡಾ 15ರ ಮಿತಿ ಇಟ್ಟಿದೆ. ಕಬ್ಬಿನ ಬೆಲೆಯಾಗಿ ಬಂದರೆ ಕಾರ್ಖಾನೆಗೆ ಅದು ಖರ್ಚು, ರೈತನಿಗೆ ಕೃಷಿಯ ಆದಾಯ. ಕೃಷಿಯ ಆದಾಯಕ್ಕೆ ಆದಾಯಕರವಿಲ್ಲ. ನೀರು ಇಳಿಜಾರಿಗೆ ಹರಿಯುವಂತೆ ಸಹಕಾರಿ ಕಾರ್ಖಾನೆಯ ಉಳಿತಾಯ ಕಬ್ಬಿನ ಬೆಲೆಯ ಕಡೆಗೆ ಹರಿಯಿತು.

ಒಂದು ಕಲ್ಪಿತ ಲೆಕ್ಕ ಹಾಕೋಣ. ಒಂದು ಕಾರ್ಖಾನೆ ಒಂದು ಹಂಗಾಮಿನಲ್ಲಿ 1 ಲಕ್ಷ ಟನ್ನು ಕಬ್ಬನ್ನು ನುರಿಸಿತು. ಸರಕಾರ ಗೊತ್ತುಮಾಡಿದ ಕನಿಷ್ಠ ಬೆಲೆ, ಪಗಾರ, ಬಡ್ಡಿ ಎಲ್ಲ ಕೊಟ್ಟ ಮೇಲೆ 2 ಕೋಟಿ ರೂಪಾಯಿ ಉಳಿಯಿತು ಎನ್ನಿರಿ. ಅಂದರೆ ಟನ್ನಿಗೆ 200 ರೂಪಾಯಿ. ಕರದ ದರ ಶೇಕಡಾ 30 ಎಂದು ಹಿಡಿಯೋಣ. ಅಧಿಭಾರ, ಉಪಕರಗಳನ್ನು ಬಿಡೋಣ. ಕಾರ್ಖಾನೆ ಖಾಸಗಿಯದಾದರೆ ಸರಕಾರಕ್ಕೆ 60 ಲಕ್ಷ, ಷೇರುದಾರರಿಗೆ 1 ಕೋಟಿ 40 ಲಕ್ಷ. ಕಬ್ಬು ಬೆಳೆದವನಿಗೆ ಕನಿಷ್ಠ ಬೆಲೆಯ ಮೇಲೆ ಏನೂ ಇಲ್ಲ. ಸಹಕಾರಿಯಾಗಿದ್ದು ಅದನ್ನು ಲಾಭವೆಂದು ತೋರಿಸಿದರೆ ಸರಕಾರಕ್ಕೆ ಅದೇ 60 ಲಕ್ಷ. ಉಳಿದುದು ಟನ್ನಿಗೆ 140 ರೂಪಾಯಿ. ಸಹಕಾರಿಯಾಗಿದ್ದು ಅದನ್ನು ಅಂತಿಮ ಬೆಲೆಯೆಂದು ಕೊಟ್ಟರೆ ಸರಕಾರಕ್ಕೆ ಸೊನ್ನೆ. ರೈತನಿಗೆ ಪೂರ್ತಿ 200 ರೂಪಾಯಿ. ಎಕರೆಗೆ 40 ಟನ್ನು ಬೆಳೆದ ರೈತನಿಗೆ ಕೊನೆಯ ಎರಡು ಬಗೆಗಳ ನಡುವಣ ಅಂತರ 2,400 ರೂಪಾಯಿ. ಗಿರಣಿ ಅದೇ, ಕಬ್ಬು ಅದೇ, ಸಕ್ಕರೆ ಅದೇ. ಒಡೆತನ ಬದಲಾದುದಕ್ಕೆ ಕರ ಬದಲಾಯಿತು.

ಆದಾಯಕರ ಇಲಾಖೆ ಇಲ್ಲಿಯೇ ಕೈ ಹಿಡಿಯಿತು. ಕನಿಷ್ಠ ಬೆಲೆಯ ಮೇಲೆ ಕೊಟ್ಟುದು ಬೆಲೆಯಲ್ಲ, ಬೆಲೆಯ ವೇಷ ತೊಟ್ಟ ಲಾಭದ ಹಂಚಿಕೆ ಎಂದು ಅದರ ವಾದ. ಕಾರ್ಖಾನೆಗಳ ಪ್ರತಿವಾದವೂ ಬಲವಾಗಿಯೇ ಇತ್ತು: ಬೆಲೆಯನ್ನು ನಾವು ಮನಬಂದಂತೆ ಕೊಟ್ಟಿಲ್ಲ, ರಾಜ್ಯ ಸರಕಾರದ ಒಪ್ಪಿಗೆಯಂತೆ ಕೊಟ್ಟಿದ್ದೇವೆ, ಸಭಾಸದರಲ್ಲದವರಿಗೂ ಅದೇ ಬೆಲೆ ಕೊಟ್ಟಿದ್ದೇವೆ, ಒಡೆಯನಲ್ಲದವನಿಗೆ ಲಾಭ ಹಂಚುವವರುಂಟೇ?

ಈ ಜಗಳದ ಬೇರು 1966ರ ಕಬ್ಬು ನಿಯಂತ್ರಣ ಆಜ್ಞೆಯಲ್ಲಿದೆ. ಅದರ 3ನೆಯ ಕಲಮು ಹಂಗಾಮಿನ ಆರಂಭದಲ್ಲಿ ಕೊಡಬೇಕಾದ ಕನಿಷ್ಠ ಬೆಲೆಯದು. ಭಾರ್ಗವ ಆಯೋಗದ ಸಲಹೆಯಂತೆ 1974ರಲ್ಲಿ ಸೇರಿಸಿದ 5ಎ ಕಲಮು ಹಂಗಾಮು ಮುಗಿದ ಮೇಲೆ ಸಕ್ಕರೆ ಮಾರಿ ಬಂದ ಹೆಚ್ಚಿನ ಉತ್ಪನ್ನವನ್ನು ಕಾರ್ಖಾನೆಯೂ ಬೆಳೆಗಾರನೂ ಹಂಚಿಕೊಳ್ಳುವುದಕ್ಕೆ ಸೂತ್ರ ಕೊಟ್ಟಿತು. ಅಂದರೆ ಬೆಲೆಯೊಳಗೆ ಲಾಭದ ಅಂಶವನ್ನು ಬೆರೆಸಿದುದು ಸರಕಾರದ ಆಜ್ಞೆಯೇ! 2009ರಲ್ಲಿ 5ಎ ಕಲಮನ್ನು ತೆಗೆದುಹಾಕಿ, ಕನಿಷ್ಠ ಬೆಲೆಯ ಸ್ಥಾನದಲ್ಲಿ ನ್ಯಾಯ ಹಾಗೂ ಲಾಭದಾಯಕ ದರವನ್ನು ತಂದರು. ಜನರ ಬಾಯಲ್ಲಿ ಅದು ಎಫ್‌ಆರ್‌ಪಿ.

2010ರಲ್ಲಿ ಸಾತಪುಡಾ ತಾಪಿ ಪರಿಸರ ಕಾರ್ಖಾನೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಷಯವನ್ನು ಮರುವಿಚಾರಣೆಗೆ ಕಳುಹಿಸಿತು. 2019ರ ಮಾರ್ಚ್ ತಿಂಗಳಲ್ಲಿ ನಮ್ಮ ನೆರೆಯ ಸಾಂಗಲಿ ಜಿಲ್ಲೆಯ ತಾಸಗಾವ ತಾಲೂಕು ಸಹಕಾರಿ ಸಕ್ಕರೆ ಕಾರ್ಖಾನೆಯ ಮೊಕದ್ದಮೆಯಲ್ಲಿ ನಿರ್ಣಯ ಹೊರಬಂದಿತು. ಅಂತಿಮ ಬೆಲೆಯಲ್ಲಿ ಲಾಭದ ಹಂಚಿಕೆಯೆನಿಸುವ ಭಾಗಕ್ಕೆ ಖರ್ಚಿನ ಮನ್ನಣೆ ಇಲ್ಲ, ಉಳಿದುದಕ್ಕೆ ಉಂಟು, ಎಷ್ಟು ಯಾವುದೆಂಬುದನ್ನು ಕಾರ್ಖಾನೆಯ ಲೆಕ್ಕಪತ್ರ ನೋಡಿ ಅಧಿಕಾರಿಗಳು ಕಂಡುಹಿಡಿಯಬೇಕು ಎಂಬುದೇ ಅದರ ಸಾರ. ಹಾಲಿಗೆ ಹಾಲು, ನೀರಿಗೆ ನೀರು ಎಂದ ಹಾಗೆ. ತತ್ತ್ವದಲ್ಲಿ ಇದು ಸರಿಯೇ. ಆದರೆ ಹತ್ತು ಇಪ್ಪತ್ತು ವರ್ಷ ಹಿಂದೆ ರೈತನ ಮನೆಯಲ್ಲಿ ಬೀಜವಾಗಿ, ಗೊಬ್ಬರವಾಗಿ, ಮಗಳ ಮದುವೆಯಾಗಿ ಕರಗಿಹೋದ ಹಣದಲ್ಲಿ ಹಾಲೆಷ್ಟು ನೀರೆಷ್ಟು ಎಂದು ಅಳೆಯುವುದು ಸುಲಭವೇ? ಕಾರ್ಖಾನೆಯ ಮೇಲೆ ಕರದ ಬಾಕಿ ನಿಂತರೆ ಅದನ್ನು ತೀರಿಸುವವರು ಇಂದಿನ ಬೆಳೆಗಾರರು.

ಸಂಸತ್ತು ಈ ಗಂಟನ್ನು ಎರಡು ಹೆಜ್ಜೆಗಳಲ್ಲಿ ಬಿಡಿಸಿತು. 2015ರ ಹಣಕಾಸು ಕಾಯದೆಯು, ಸರಕಾರ ಗೊತ್ತುಮಾಡಿದ ಅಥವಾ ಒಪ್ಪಿದ ಬೆಲೆಯವರೆಗೆ ಸಹಕಾರಿ ಕಾರ್ಖಾನೆ ಕೊಟ್ಟ ಕಬ್ಬಿನ ಹಣವನ್ನು ಖರ್ಚೆಂದು ಮನ್ನಿಸುವ ನಿಯಮವನ್ನು 2016–17ರ ಕರನಿರ್ಧಾರ ವರ್ಷದಿಂದ ತಂದಿತು. ರಾಜ್ಯ ಸರಕಾರ ಕಾಯದೆ ಅಥವಾ ಆಜ್ಞೆಯ ಮೂಲಕ ಗೊತ್ತುಮಾಡಿದ ಬೆಲೆಯೂ ಇದರಲ್ಲಿ ಸೇರುತ್ತದೆಂದು 2021ರ ಅಕ್ಟೋಬರಿನಲ್ಲಿ ಕೇಂದ್ರ ಪ್ರತ್ಯಕ್ಷಕರ ಮಂಡಳಿ ಸ್ಪಷ್ಟಪಡಿಸಿತು. 2023ರ ಮುಂಗಡಪತ್ರದಲ್ಲಿ ಅದಕ್ಕೂ ಹಿಂದಿನ ವರ್ಷಗಳ ಕಬ್ಬಿನ ಹಣವನ್ನು ಖರ್ಚೆಂದು ತೋರಿಸಿಕೊಳ್ಳುವ ಅವಕಾಶವನ್ನು ಕೊಡಲಾಯಿತು. ಇದರಿಂದ ಸುಮಾರು 10,000 ಕೋಟಿ ರೂಪಾಯಿಗಳ ಪರಿಹಾರ ಸಹಕಾರಿ ಕಾರ್ಖಾನೆಗಳಿಗೆ ದೊರೆಯುವುದೆಂದು ಹಣಕಾಸು ಮಂತ್ರಿ ನಿರ್ಮಲಾ ಸೀತಾರಾಮನ್ ಅವರು ಸಂಸತ್ತಿಗೆ ತಿಳಿಸಿದರು. 2025ರಲ್ಲಿ ಹೊಸ ಆದಾಯಕರ ಕಾಯದೆಯೇ ಅಂಗೀಕಾರವಾಗಿ, ಅದರ ಜಾರಿಗೆ 2026ರ ಏಪ್ರಿಲ್ 1ನ್ನು ಗೊತ್ತುಮಾಡಲಾಯಿತು.

ಹಾಗಾದರೆ ನಮ್ಮ ಕಾರ್ಖಾನೆಗಳು ಮಾಡಿದ್ದು ಕರನಿವಾರಣೆಯೇ? ನನ್ನ ಅಭಿಪ್ರಾಯವನ್ನು ಮರೆಮಾಚದೆ ಹೇಳುತ್ತೇನೆ. ಫಲದಿಂದ ನೋಡಿದರೆ ಹೌದು. ಉದ್ದೇಶದಿಂದ ನೋಡಿದರೆ ಅಲ್ಲ. ಸಹಕಾರಿ ಕಾರ್ಖಾನೆ ಹುಟ್ಟಿದುದೇ ಬೆಳೆದವನಿಗೆ ಒಳ್ಳೆಯ ಬೆಲೆ ದೊರೆಯಲೆಂದು. ಲಾಭ ಮಾಡುವುದು ಅದರ ಗುರಿಯಾಗಿರಲಿಲ್ಲ. ಒಳ್ಳೆಯ ಬೆಲೆ ಕೊಟ್ಟುದರಿಂದ ಲಾಭ ಉಳಿಯಲಿಲ್ಲ. ಕರ ತಪ್ಪಿಸಲೆಂದು ಬೆಲೆ ಕೊಟ್ಟುದಲ್ಲ. ಕೇಮನ್ ದ್ವೀಪದ ಕಾಗದದ ಕಂಪನಿಗೂ ಹರಳಿಯ ಕಬ್ಬಿನ ಬಿಲ್ಲಿಗೂ ಇರುವ ಅಂತರ ಇದು. ಒಂದರಲ್ಲಿ ಹಣ ಕಣ್ಣಿಗೆ ಕಾಣದ ಒಡೆಯನ ಬಳಿ ಹೋಗುತ್ತದೆ. ಇನ್ನೊಂದರಲ್ಲಿ ಸಾವಿರಾರು ಒಡೆಯರ ಒಲೆಯ ಬಳಿ ಬರುತ್ತದೆ.

ಆದರೆ ಈ ಮಾತು ನಿಲ್ಲಬೇಕಾದರೆ ಒಂದು ಷರತ್ತು ಉಂಟು. ಒಡೆತನ ನಿಜವಾಗಿಯೂ ರೈತನದಾಗಿರಬೇಕು. ಷೇರು ರೈತನ ಹೆಸರಿನಲ್ಲಿದ್ದು ಅಧಿಕಾರ ಬೆರಳೆಣಿಕೆಯ ಮನೆಗಳಲ್ಲಿ ಕುಳಿತರೆ ಸಹಕಾರದ ವಾದ ಪೊಳ್ಳಾಗುತ್ತದೆ. ಲಾಭವನ್ನು ಬೆಲೆಯಾಗಿ ಹಂಚುವ ಬದಲು ಹೆಚ್ಚಿನ ದರದ ಗುತ್ತಿಗೆಯಾಗಿ, ನಂಟರ ವಾಹನ ಬಾಡಿಗೆಯಾಗಿ, ಬೇಡದ ಖರೀದಿಯಾಗಿ ಸೋರಿಸಿದರೂ ಲೆಕ್ಕಪುಸ್ತಕದಲ್ಲಿ ಲಾಭ ಕಡಿಮೆಯಾಗುತ್ತದೆ, ಕರವೂ ಕಡಿಮೆಯಾಗುತ್ತದೆ. ಕರ ಇಳಿದುದು ರೈತನಿಗೆ ಬೆಲೆ ಹೆಚ್ಚಿದ್ದರಿಂದಲೋ ಸೋರಿಕೆ ಹೆಚ್ಚಿದ್ದರಿಂದಲೋ ಎಂಬುದು ದೆಹಲಿಯ ಅಧಿಕಾರಿಗೆ ಕಾಣಲಿಕ್ಕಿಲ್ಲ. ವಾರ್ಷಿಕ ಸಾಧಾರಣ ಸಭೆಯಲ್ಲಿ ಕುಳಿತ ಸಭಾಸದನಿಗೆ ಕಾಣಬೇಕು.

ಅಂತೆಯೇ ಖಾಸಗಿ ಕಾರ್ಖಾನೆ ಕರ ಕೊಡುತ್ತದೆ, ಆದುದರಿಂದ ಅದು ದೇಶಕ್ಕೆ ಹೆಚ್ಚು ಹಿತಕಾರಿ ಎಂಬ ಮಾತನ್ನೂ ತೂಗಿ ನೋಡಬೇಕು. ಅದಕ್ಕೂ ತನ್ನವೇ ಆದ ದಾರಿಗಳುಂಟು. ಹೊಸ ಯಂತ್ರದ ಸವಕಳಿ, ಸಂಬಂಧಿಕ ಕಂಪನಿಗೆ ಕಟ್ಟುವ ಬಡ್ಡಿ, ವಿದ್ಯುತ್ ಘಟಕದ ಲಾಭ. 2017ರ ಮಾರ್ಚ್ ಒಳಗೆ ಆರಂಭವಾದ ವಿದ್ಯುತ್ ಘಟಕಗಳ ಲಾಭಕ್ಕೆ 10 ವರ್ಷಗಳ ವಿನಾಯಿತಿ ಇದ್ದುದರಿಂದ, ಸಕ್ಕರೆಯ ವಿಭಾಗವು ತನ್ನ ಕಬ್ಬಿನ ಸಿಪ್ಪೆಯನ್ನು ತನ್ನದೇ ವಿದ್ಯುತ್ ವಿಭಾಗಕ್ಕೆ ಯಾವ ಬೆಲೆಗೆ ಕೊಟ್ಟಿತು ಎಂಬುದೂ ಕರದ ಪ್ರಶ್ನೆಯೇ ಆಯಿತು. ಸಿಪ್ಪೆ ಅಗ್ಗವಾದಷ್ಟೂ ಲಾಭ ಕರವಿಲ್ಲದ ಕಡೆಗೆ ಸರಿಯುತ್ತದೆ. ಈ ದಾರಿ ಸ್ವಂತ ವಿದ್ಯುತ್ ಘಟಕವಿರುವ ಸಹಕಾರಿ ಕಾರ್ಖಾನೆಗೂ ತೆರೆದೇ ಇತ್ತು. ಯಾವ ಒಡೆತನವೂ ಹುಟ್ಟಿನಿಂದ ಸಾಧುವಲ್ಲ. ಪ್ರತಿಯೊಂದಕ್ಕೂ ತನ್ನ ತನ್ನ ಹಿತ್ತಲ ಬಾಗಿಲು ಇದೆ.

ಕರವೆಂದರೆ ಕಳೆದುಹೋದ ಹಣವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಗಡಿಯ ಊರಿನ ಕನ್ನಡ ಶಾಲೆಗೆ ಗುರುಗಳನ್ನು ಕೊಡಿರಿ ಎಂದು ಕೇಳುವವರು ನಾವೇ. ಹೊಳೆ ಬಂದಾಗ ಪರಿಹಾರ ಕೊಡಿರಿ ಎಂದು ಕೇಳುವವರೂ ನಾವೇ. 2019ರ ಮಹಾಪೂರದಲ್ಲಿ ಶಿರೋಳದ ಹಳ್ಳಿಗಳು ನೀರಿನಲ್ಲಿ ನಿಂತಾಗ ದೋಣಿ ಕಳುಹಿಸಿದ್ದೂ ಬೊಕ್ಕಸದ ಹಣವೇ. ಕೊಡಬೇಕಾದವನು ಕೊಡದಿದ್ದರೆ ಭಾರ ಬೀಳುವುದು ತಪ್ಪಿಸಿಕೊಳ್ಳಲು ದಾರಿಯಿಲ್ಲದ ಪಗಾರದಾರನ ಮೇಲೆ, ಸಾಮಾನು ಕೊಳ್ಳುವಾಗ ಸರಕು ಸೇವಾ ಕರ ತೆರುವ ಬಡ ಮನೆಯ ಮೇಲೆ.

ಆದುದರಿಂದ ನನ್ನ ವಿನಂತಿ ಇದು. ಪ್ರತಿ ವರ್ಷ ಕಾರ್ಖಾನೆಯ ವರದಿ ನಿಮ್ಮ ಮನೆಗೆ ಬಂದಾಗ ಅದನ್ನು ಅಟ್ಟದ ಮೇಲೆ ಇಡಬೇಡಿರಿ. ಅಢಾವೆ ಪತ್ರಿಕೆಯನ್ನು, ಮರಾಠಿಯಲ್ಲಿ ತಾಳೇಬಂದ ಎನ್ನುವುದನ್ನು, ಶಾಲೆ ಕಲಿತ ಮಕ್ಕಳಿಂದ ಓದಿಸಿ ಕನ್ನಡದಲ್ಲಿ ಕೇಳಿರಿ. ನಾಲ್ಕು ಪ್ರಶ್ನೆ ಸಾಕು: ಎಫ್‌ಆರ್‌ಪಿಯ ಮೇಲೆ ಎಷ್ಟು ಕೊಟ್ಟಿರಿ? ಅದಕ್ಕೆ ಸರಕಾರದ ಒಪ್ಪಿಗೆ ಇದೆಯೇ? ಹಿಂದಿನ ವರ್ಷಗಳ ಆದಾಯಕರದ ತಗಾದೆ ಎಷ್ಟು ಉಳಿದಿದೆ, 2023ರ ಪರಿಹಾರಕ್ಕೆ ಅರ್ಜಿ ಹಾಕಿದಿರಾ? ಸಂಚಾಲಕರ ಸಂಬಂಧಿಕರಿಗೆ ಕೊಟ್ಟ ಗುತ್ತಿಗೆಗಳು ಯಾವುವು? ಈ ಪ್ರಶ್ನೆಗಳನ್ನು ಕೇಳುವ ಸಭಾಸದನೇ ನಿಜವಾದ ಒಡೆಯ. ಕೇಳದವನು ಕೇವಲ ಕಬ್ಬು ಹಾಕುವವನು.

ತಾಯಂದಿರಿಗೂ ಒಂದು ಮಾತು. ಎಷ್ಟೋ ಮನೆಗಳಲ್ಲಿ ಷೇರು, ಮಗ್ಗ, ಪಾಲುದಾರಿಕೆ ನಿಮ್ಮ ಹೆಸರಿನಲ್ಲಿ ಇರುತ್ತದೆ. ಸಹಿಯನ್ನು ನೀವು ಹಾಕಿರುತ್ತೀರಿ. ನಿಮ್ಮ ಹೆಸರಿನಲ್ಲಿ ಏನಿದೆಯೆಂದು ಕೇಳಿ ತಿಳಿಯುವುದು ನಿಮ್ಮ ಹಕ್ಕು. ಕರ ಉಳಿಸಲೆಂದು ಹೆಸರಿಗಷ್ಟೇ ಒಡತಿಯಾದವಳು ತೊಂದರೆ ಬಂದಾಗ ಹೊಣೆಗೂ ಒಡತಿಯೇ ಆಗುತ್ತಾಳೆ.

ನುಡಿಯ ಅಭಿಮಾನವೂ ದುಡಿಮೆಯ ಅಭಿಮಾನವೂ ಬೇರೆಯಲ್ಲ. ದುಡಿದವನಿಗೆ ಸಲ್ಲಬೇಕಾದುದು ಸಲ್ಲಲಿ, ನಾಡಿಗೆ ಸಲ್ಲಬೇಕಾದುದು ನಾಡಿಗೆ ಸಲ್ಲಲಿ. ಎರಡರ ಲೆಕ್ಕವೂ ಬೆಳಕಿನಲ್ಲಿ ಇರಲಿ.